ವೆಸ್ಟ್ ಪಾಯಿಂಟಿನ ಸೋಲು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದ ಫುಟ್‌ಬಾಲ್ ತಂಡವು 1951ನೆಯ ಇಸವಿಯಲ್ಲಿ ಒಂಬತ್ತು ಪಂದ್ಯಗಳನ್ನಾಡಿ ಎರಡನ್ನು ಗೆದ್ದು ಏಳನ್ನು ಸೋತಿತು. ಅದರ ಹಿಂದಿನ ವರ್ಷ ಅದೇ ತಂಡವು ಒಂಬತ್ತರಲ್ಲಿ ಎಂಟನ್ನು ಗೆದ್ದಿದ್ದಿತು. ಒಂದು ವರ್ಷದ ಅಂತರದಲ್ಲಿ ಇಂತಹ ಪತನವುಂಟಾಗುವುದಕ್ಕೆ ಎದುರಾಳಿಗಳ ಬಲವಾಗಲಿ, ಆಟಗಾರರ ಆಲಸ್ಯವಾಗಲಿ ಕಾರಣವಾಗಿರಲಿಲ್ಲ. ವಿದ್ಯಾಲಯದ ಅಧಿಕಾರಿಗಳು ತಮ್ಮ ತಂಡದ 37 ಮಂದಿ ಆಟಗಾರರನ್ನು ಪರೀಕ್ಷೆಯಲ್ಲಿ ಮೋಸ ನಡೆದ ಕಾರಣಕ್ಕಾಗಿ ತಾವೇ ಹೊರಗೆ ಹಾಕಿದರು, ಉಳಿದವರನ್ನು ಮೈದಾನಕ್ಕೆ ಕಳುಹಿಸಿದರು, ಅವರು ಸೋತರು. ಸೋಲುವರೆಂಬುದು ಕಳುಹಿಸಿದವರಿಗೂ ಗೊತ್ತಿದ್ದಿತು, ಹೋದವರಿಗೂ ಗೊತ್ತಿದ್ದಿತು.

ಸಾಗರದಾಚೆಯ ಹುಡುಗರ ಆಟದಲ್ಲಿ ಯಾರು ಸೋತರೆ ನಮಗೇನೆಂದು ಕೇಳುವ ವಾಚಕರೂ ಇರಬಹುದು. ಪರೀಕ್ಷೆಯ ಕೊಠಡಿಯಲ್ಲಿ ನಿಂತು ಮೇಲ್ವಿಚಾರಣೆ ನಡೆಸಿದ ಉಪಾಧ್ಯಾಯರಿಗೂ, ಕೈಕೆಳಗಿನವರ ವರದಿಯನ್ನು ನಂಬಿ ರುಜು ಹಾಕಬೇಕಾದ ಅಧಿಕಾರಿಗಳಿಗೂ, ಮಗನ ಅಂಕಪಟ್ಟಿಯನ್ನು ಕಾದು ಕುಳಿತಿರುವ ತಂದೆಗೂ ಈ ವಿಷಯವು ಹೊರಗಿನದೆಂದು ನಮಗೆ ತೋರುವುದಿಲ್ಲ. ತಪ್ಪಿಗೆ ದಂಡವೆಂಬುದು ಎಲ್ಲರೂ ಒಪ್ಪುವ ಮಾತು. ಆ ದಂಡವು ಎಲ್ಲಿಯವರೆಗೆ ಹೋಗಿ ನಿಲ್ಲತಕ್ಕದ್ದು, ಯಾರನ್ನು ಮುಟ್ಟದೆ ಬಿಡತಕ್ಕದ್ದು ಎಂಬುದರಲ್ಲಿಯೇ ತೊಡಕಿರುವುದು.

ಮೊದಲು ವಿದ್ಯಾಲಯದ ವಿಷಯ. ಹಡ್ಸನ್ ನದಿಯ ದಂಡೆಯ ಮೇಲೆ 1802ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ಕೆಡೆಟ್ಟುಗಳಿಗೆ ಸರ್ಕಾರದ ವೆಚ್ಚದಲ್ಲಿ ವಿದ್ಯಾಭ್ಯಾಸವಾಗುತ್ತದೆ. ಅದಕ್ಕೆ ಪ್ರತಿಯಾಗಿ ಅವರು ಸೇನೆಯ ಅಧಿಕಾರಿಗಳಾಗಿ ಸೇವೆ ಸಲ್ಲಿಸಬೇಕು. ಗ್ರಾಂಟ್, ಲೀ, ಐಸೆನ್‌ಹೋವರ್, ಮೆಕಾರ್ಥರ್ ಮುಂತಾದವರು ಅಲ್ಲಿ ಕಲಿತವರೇ. ಅಲ್ಲಿ ಆಡುವ ಫುಟ್‌ಬಾಲ್ ನಾವು ಕಾಲಿನಿಂದ ಒದೆಯುವ ಆಟವಲ್ಲ. ಚೆಂಡು ಉದ್ದುದ್ದನೆಯದು, ಅದನ್ನು ಕೈಯಲ್ಲಿ ಹಿಡಿದು ಓಡುವರು, ಎಸೆಯುವರು, ಎದುರಾಳಿಗಳು ಹಿಡಿದು ಕೆಡವುವರು. ನಾಲ್ಕು ಸಲದ ಪ್ರಯತ್ನದಲ್ಲಿ ಹತ್ತು ಗಜ ಮುಂದುವರಿಯದಿದ್ದರೆ ಚೆಂಡನ್ನು ಬಿಟ್ಟುಕೊಡಬೇಕು. ನೆಲವನ್ನು ಗಜಗಜವಾಗಿ ಗೆಲ್ಲುವ ಈ ಆಟವು ಸಿಪಾಯಿಗಳಿಗೆ ಪ್ರಿಯವಾದುದರಲ್ಲಿ ಆಶ್ಚರ್ಯವೇನೂ ಇಲ್ಲ.

ನೌಕಾಪಡೆಯ ವಿದ್ಯಾಲಯದೊಡನೆ ಮೊದಲನೆಯ ಪಂದ್ಯವು ನಡೆದುದು 1890ರಲ್ಲಿ. ಅದನ್ನು ಏರ್ಪಡಿಸಿದವನು ಡೆನಿಸ್ ಮಿಕಿ ಎಂಬ ಕೆಡೆಟ್ಟು. ಆ ದಿನ ವೆಸ್ಟ್ ಪಾಯಿಂಟಿನವರು ಒಂದು ಅಂಕವನ್ನೂ ಗಳಿಸದೆ 24 ಅಂಕಗಳಿಂದ ಸೋತರು. ಮಿಕಿಯು 1898ರಲ್ಲಿ ಕ್ಯೂಬಾದ ಯುದ್ಧದಲ್ಲಿ ಮಡಿದನು. ವಿದ್ಯಾಲಯದ ಕ್ರೀಡಾಂಗಣಕ್ಕೆ ಅವನ ಹೆಸರನ್ನೇ ಇಟ್ಟಿರುವರು. ಮುಂದೆ 1919ರಿಂದ 1922ರವರೆಗೆ ಸೂಪರಿಂಟೆಂಡೆಂಟರಾಗಿದ್ದ ಮೆಕಾರ್ಥರರು ಪ್ರತಿಯೊಬ್ಬ ಕೆಡೆಟ್ಟೂ ಯಾವುದಾದರೊಂದು ಆಟವನ್ನು ಆಡಲೇಬೇಕೆಂದು ವಿಧಿಸಿದರು. ಆಟದಲ್ಲಿ ಪಳಗಿದವನು ಯುದ್ಧದಲ್ಲಿ ಅಂಜನೆಂಬುದು ಅವರ ನಂಬಿಕೆ. ಇದು ಒಳ್ಳೆಯ ನಂಬಿಕೆ. ಆದರೆ ಎಲ್ಲರೂ ಆಡಬೇಕೆಂಬುದು ಒಂದು, ಆಡುವ ಹನ್ನೊಂದು ಮಂದಿ ಎಲ್ಲರನ್ನೂ ಸೋಲಿಸಬೇಕೆಂಬುದು ಇನ್ನೊಂದು. ಈ ಎರಡನೆಯದು ಕಾಲಕ್ರಮದಲ್ಲಿ ಮೊದಲನೆಯದನ್ನು ಹಿಂದಕ್ಕೆ ತಳ್ಳಿತು.

1941ರಲ್ಲಿ ಕರ್ನಲ್ ಅರ್ಲ್ ಬ್ಲೇಕ್ ಎಂಬವರು ತಂಡದ ತರಬೇತುದಾರರಾಗಿ ಬಂದರು. ಅವರು ಆ ವಿದ್ಯಾಲಯದಲ್ಲಿಯೇ ಕಲಿತವರು. ಮದ್ಯವನ್ನು ಮುಟ್ಟದ, ಹೆಚ್ಚು ಮಾತನಾಡದ, ಕೆಲಸದಲ್ಲಿ ಬಲು ಕಟ್ಟುನಿಟ್ಟಿನ ಮನುಷ್ಯರು. 1944, 1945, 1946, ಈ ಮೂರು ವರ್ಷಗಳಲ್ಲಿ ಅವರ ತಂಡವು 27 ಪಂದ್ಯಗಳನ್ನು ಗೆದ್ದಿತು, ಒಂದು ಸಮವಾಯಿತು, ಸೋತುದು ಒಂದೂ ಇಲ್ಲ. ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪಾರಿತೋಷಕವು 1945ರಲ್ಲಿ ಬ್ಲಾಂಚರ್ಡನಿಗೂ 1946ರಲ್ಲಿ ಡೇವಿಸನಿಗೂ ದೊರೆಯಿತು. ಇಬ್ಬರೂ ಬ್ಲೇಕರ ಶಿಷ್ಯರು. ಆಗ ಮಹಾಯುದ್ಧದ ಕಾಲವಾದುದರಿಂದ ಇತರ ಕಾಲೇಜುಗಳ ಗಟ್ಟಿಮುಟ್ಟಾದ ಹುಡುಗರು ಸೈನ್ಯ ಸೇರಿಹೋಗಿದ್ದರೆಂಬುದನ್ನೂ, ವೆಸ್ಟ್ ಪಾಯಿಂಟಿಗೆ ಆಟಗಾರರನ್ನು ಆರಿಸಿ ತರುವುದು ಸುಲಭವಾಗಿದ್ದಿತೆಂಬುದನ್ನೂ ಮರೆಯಲಾಗದು. ಹೋಗಲಿ, ಗೆದ್ದವರನ್ನು ಯಾರೂ ಲೆಕ್ಕ ಕೇಳುವುದಿಲ್ಲ.

ಯುದ್ಧವು ಮುಗಿದ ಮೇಲೆಯೂ ಗೆಲುವು ನಿಲ್ಲಲಿಲ್ಲ. 1949ರಲ್ಲಿ ಒಂಬತ್ತಕ್ಕೆ ಒಂಬತ್ತನ್ನೂ ಗೆದ್ದರು. 1950ರ ಡಿಸೆಂಬರಿನಲ್ಲಿ, ಆ ವರ್ಷವೆಲ್ಲಾ ಸೋಲುತ್ತ ಬಂದಿದ್ದ ನೌಕಾ ತಂಡವು ಯಾರೂ ನಿರೀಕ್ಷಿಸದಂತೆ 14ಕ್ಕೆ 2 ಅಂಕಗಳಿಂದ ಇವರನ್ನು ಕೆಡವಿದಾಗ, 28 ಪಂದ್ಯಗಳಿಂದ ಸೋಲನ್ನೇ ಕಾಣದಿದ್ದ ತಂಡದ ಸರಪಳಿಯು ಕಡಿಯಿತು. ಅದಕ್ಕೆ ಕೆಲವೇ ದಿನಗಳ ಮುಂಚೆ, ನವೆಂಬರಿನಲ್ಲಿ, 1949ರ ತಂಡದ ನಾಯಕನಾಗಿದ್ದ ಜಾನ್ ಟ್ರೆಂಟ್ ಕೊರಿಯಾದ ಯುದ್ಧಭೂಮಿಯಲ್ಲಿ ಹತನಾಗಿದ್ದನು. ಮೈದಾನದಿಂದ ನೇರವಾಗಿ ಕಂದಕಕ್ಕೆ ಹೋಗುವ ಹುಡುಗರು ಇವರೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಯ ತೂಕವು ತಿಳಿಯುವುದು.

ವೆಸ್ಟ್ ಪಾಯಿಂಟಿನಲ್ಲಿ ಒಂದು ಮಾನದ ಕಟ್ಟಳೆಯಿದೆ. ಕೆಡೆಟ್ಟಾದವನು ಸುಳ್ಳಾಡಕೂಡದು, ಮೋಸ ಮಾಡಕೂಡದು, ಕದಿಯಕೂಡದು. ಹಾಗೆ ಮಾಡಿದವನನ್ನು ಬಲ್ಲವನು ಬಾಯಿಮುಚ್ಚಿಕೊಂಡಿರುವುದೂ ಅಪರಾಧವೇ. ಇದನ್ನು ಕಾಯುವ ಹೊಣೆಯು ಕೆಡೆಟ್ಟುಗಳದೇ. ಆಗ ತಪ್ಪಿಗೆ ಶಿಕ್ಷೆಯು ಒಂದೇ ಆಗಿದ್ದಿತು, ಬಹಿಷ್ಕಾರ. ಪರೀಕ್ಷೆಯಲ್ಲಿ ಮೇಲ್ವಿಚಾರಕನು ಬೆನ್ನ ಹಿಂದೆ ನಿಂತಿರಬೇಕಾಗಿಲ್ಲ. ಹುಡುಗನ ಮಾತೇ ಪ್ರಮಾಣ. ನಮ್ಮ ಪರೀಕ್ಷೆಗಳಲ್ಲಿ ಜೇಬು ತಡಕಿ ಒಳಗೆ ಬಿಡುವ ಪದ್ಧತಿಯನ್ನು ಕಂಡವರಿಗೆ ಇದು ಸತ್ಯಯುಗದ ಮಾತಿನಂತೆ ಕೇಳಬಹುದು.

ಈ ಸತ್ಯಯುಗದಲ್ಲಿ ಒಂದು ದೊಡ್ಡ ಕಿಂಡಿಯಿದ್ದಿತು. ಅಲ್ಲಿ ಪಾಠದ ಕ್ರಮವೇ ದಿನದಿನವೂ ಉತ್ತರ ಬರೆಸಿ ಅಂಕ ಹಾಕುವಂಥದು. ಸುಮಾರು 2500 ಕೆಡೆಟ್ಟುಗಳನ್ನು ಎರಡು ರೆಜಿಮೆಂಟುಗಳಾಗಿ ವಿಭಾಗಿಸಿದ್ದರು. ಒಂದು ರೆಜಿಮೆಂಟಿಗೆ ಇಂದು ಕೊಟ್ಟ ಪ್ರಶ್ನೆಗಳನ್ನೇ ಇನ್ನೊಂದಕ್ಕೆ ಮಾರನೆಯ ದಿನ ಕೊಡುತ್ತಿದ್ದರು! ಇಂದು ಬರೆದವನು ನಾಳೆ ಬರೆಯತಕ್ಕವನಿಗೆ ಒಂದು ಮಾತು ಹೇಳಿದರೆ ತೀರಿತು. ಸಂಜೆಯ ತನಕ ಮೈದಾನದಲ್ಲಿ ಮೈ ನುಗ್ಗಾಗಿ ಬಂದು, ರಾತ್ರಿ ಗಣಿತವನ್ನೂ ಭೌತಶಾಸ್ತ್ರವನ್ನೂ ತೆರೆದು ಕೂರಬೇಕಾದ ಆಟಗಾರನಿಗೆ ಆ ಒಂದು ಮಾತು ಎಷ್ಟು ಸಿಹಿಯಾಗಿರಬೇಕು! ಅನುತ್ತೀರ್ಣನಾದರೆ ತಂಡದಿಂದ ಹೊರಗೆ, ವಿದ್ಯಾಲಯದಿಂದಲೂ ಹೊರಗೆ. ಆಟಗಾರರಿಗೆ ಪಾಠ ಹೇಳಿಕೊಡಲು ನಿಂತ ಸಹಪಾಠಿಗಳಲ್ಲಿ ಕೆಲವರು ಪಾಠದ ಜೊತೆಗೆ ಪ್ರಶ್ನೆಗಳನ್ನೂ ಹೇಳಿಕೊಟ್ಟರು. ಮೊದಲು ಒಬ್ಬಿಬ್ಬರಲ್ಲಿದ್ದುದು ವಾಡಿಕೆಯಾಯಿತು; ವಾಡಿಕೆಯಾದ ಮೇಲೆ ಅದು ತಪ್ಪೆಂಬ ಭಾವನೆಯೇ ಮಸುಕಾಯಿತು.

1951ರ ವಸಂತದಲ್ಲಿ ಸಂಗತಿಯು ಅಧಿಕಾರಿಗಳ ಕಿವಿಗೆ ಬಿದ್ದಿತು. ಕೆಡೆಟ್ಟುಗಳ ಶಿಸ್ತಿಗೆ ಹೊಣೆಗಾರರಾದ ಕಮಾಂಡೆಂಟ್ ಕರ್ನಲ್ ಪಾಲ್ ಹಾರ್ಕಿನ್ಸ್‌ರು ಕೂಡಲೇ ಹುಡುಗರನ್ನು ಕರೆದು ಕೇಳಲಿಲ್ಲ. ಕೆಲವು ಕೆಡೆಟ್ಟುಗಳನ್ನು ಗುಟ್ಟಾಗಿ ತಮ್ಮ ಸಹಪಾಠಿಗಳ ಮೇಲೆ ಕಣ್ಣಿಡಲು ನೇಮಿಸಿ, ವಾರಗಟ್ಟಲೆ ಕಾದು, ಹೆಸರುಗಳನ್ನು ಕಲೆಹಾಕಿಸಿದರು. ಇದು ನಮಗೆ ಸರಿಯಾಗಿ ತೋರುವುದಿಲ್ಲ. ಕಣ್ಣಿಗೆ ಕಂಡುದನ್ನು ಹೇಳೆಂದು ಕಟ್ಟಳೆಯು ವಿಧಿಸುತ್ತದೆ. ಸ್ನೇಹಿತನಂತೆ ನಟಿಸಿ ಗುಟ್ಟನ್ನು ಹೊರಡಿಸೆಂದು ಅದು ಹೇಳುವುದಿಲ್ಲ. ಮೋಸವನ್ನು ಹಿಡಿಯುವುದಕ್ಕೆ ಮೋಸವನ್ನೇ ಕೈಗೂಸಾಗಿ ಸಾಕಿದಂತಾಯಿತು.

ಮೇ ತಿಂಗಳ ಕೊನೆಯಲ್ಲಿ ಅಧಿಕಾರಿಗಳ ಒಂದು ಮಂಡಲಿಯು ವಿಚಾರಣೆಗೆ ಕುಳಿತಿತು. ಆಟಗಾರರು ಕರ್ನಲ್ ಬ್ಲೇಕರ ಬಳಿಗೆ ಓಡಿದರು. ಏನು ಮಾಡಬೇಕೆಂದು ಕೇಳಿದ ಹುಡುಗರಿಗೆ ಅವರು ಕೊಟ್ಟ ಸಲಹೆಯು, ಮಂಡಲಿಯ ಮುಂದೆ ಹೋಗಿ ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿರೆಂಬುದು. ಹುಡುಗರು ಹೋದರು, ಹೇಳಿದರು. ಹೇಳಿದವರಲ್ಲಿ ಅವರ ಸ್ವಂತ ಮಗನೂ, ತಂಡದ ಪ್ರಮುಖ ಆಟಗಾರನೂ ಆದ ರಾಬರ್ಟ್ ಬ್ಲೇಕನು ಒಬ್ಬನು. ಆ ಒಪ್ಪಿಗೆಯೇ ಬಹು ಮಂದಿಯ ಮೇಲೆ ಸಾಕ್ಷ್ಯವಾಯಿತು. ಏನೂ ತಿಳಿಯದೆಂದು ಗಟ್ಟಿಯಾಗಿ ನಿಂತವರ ಮೇಲೆ ಸಾಕ್ಷ್ಯವು ಸಾಲದೆಹೋಯಿತು, ಅಂಥವರು ಉಳಿದುಕೊಂಡರು.

ನಮ್ಮ ನಾಡಿನ ಮಕ್ಕಳಿಗೆಲ್ಲ ಪುಣ್ಯಕೋಟಿಯ ಕಥೆಯು ಬಾಯಿಪಾಠವಷ್ಟೆ. ಕೊಟ್ಟ ಮಾತಿಗೆ ತಪ್ಪದೆ ಹಿಂದಿರುಗಿ ಬಂದ ಹಸುವನ್ನು ಹುಲಿಯು ತಿನ್ನಲಾರದೆ ಹೋಯಿತು. ವೆಸ್ಟ್ ಪಾಯಿಂಟಿನಲ್ಲಿ ಹಸುಗಳು ಹಿಂದಿರುಗಿ ಬಂದವು, ಹುಲಿಯು ತಿಂದಿತು.

ನ್ಯಾಯಾಧೀಶ ಲರ್ನೆಡ್ ಹ್ಯಾಂಡ್, ಜನರಲ್ ಮಿಡ್ಲ್‌ಟನ್, ಜನರಲ್ ಡ್ಯಾನ್‌ಫರ್ಡ್ ಈ ಮೂವರ ಇನ್ನೊಂದು ಸಮಿತಿಯು ಪತ್ರಗಳನ್ನು ಪರಿಶೀಲಿಸಿ ಬಹಿಷ್ಕಾರವನ್ನು ಎತ್ತಿಹಿಡಿಯಿತು. 1951ರ ಆಗಸ್ಟ್ 3ರಂದು ಸುಮಾರು 90 ಕೆಡೆಟ್ಟುಗಳನ್ನು ತೆಗೆದುಹಾಕುವುದಾಗಿ ಪ್ರಕಟವಾಯಿತು. ಕಡೆಗೆ ಹೊರಬಿದ್ದವರು 83 ಮಂದಿ. ಅವರಲ್ಲಿ ನಕಲು ಮಾಡಿದವರಿದ್ದರು, ಮಾಡಿಸಿದವರಿದ್ದರು, ತಾವು ಏನನ್ನೂ ಮಾಡದೆ ಬಲ್ಲವರಾಗಿ ಸುಮ್ಮನಿದ್ದವರೂ ಇದ್ದರು. ಎಲ್ಲರಿಗೂ ಒಂದೇ ತಕ್ಕಡಿ.

ಈ ಬಹಿಷ್ಕಾರವು ತಪ್ಪೆಂದು ಅಂದಿನಿಂದ ಇಂದಿನವರೆಗೆ ವಾದಿಸುವವರಿರುವರು. ನಮ್ಮ ಅಭಿಪ್ರಾಯವು ಹಾಗಿಲ್ಲ. ಸೇನೆಯ ಅಧಿಕಾರಿಯ ವರದಿಯೆಂದರೆ ಏನು? ಸೇತುವೆಯು ಭದ್ರವಾಗಿದೆ, ದಾರಿಯಲ್ಲಿ ವೈರಿಗಳಿಲ್ಲ, ಮದ್ದುಗುಂಡು ಇಷ್ಟು ಉಳಿದಿದೆ ಎಂದು ಅವನು ಬರೆದು ಕಳುಹಿಸಿದರೆ ಅದನ್ನು ನಂಬಿ ಸಾವಿರ ಜನ ಹೆಜ್ಜೆಯಿಡಬೇಕು. ಅದನ್ನು ಪರೀಕ್ಷಿಸಿ ನೋಡಲು ವ್ಯವಧಾನವಿರುವುದಿಲ್ಲ. ಕಷ್ಟ ಬಂದಾಗ ಸಣ್ಣ ಸುಳ್ಳಿನಿಂದ ಪಾರಾಗಬಹುದೆಂದು ಇಪ್ಪತ್ತನೆಯ ವಯಸ್ಸಿನಲ್ಲಿ ಕಲಿತವನು ನಲವತ್ತರಲ್ಲಿ ಅದನ್ನು ಮರೆಯುವನೆಂಬುದಕ್ಕೆ ಏನು ಭರವಸೆ? ಕೊರಿಯಾದಲ್ಲಿ ಆಗ ದಿನದಿನವೂ ಜನರು ಸಾಯುತ್ತಿದ್ದರು. ಆ ಹೊತ್ತಿನಲ್ಲಿ ವಿದ್ಯಾಲಯವು, ಇವರು ನಮ್ಮ ಅತ್ಯುತ್ತಮ ಆಟಗಾರರು, ನೌಕಾಪಡೆಯವರನ್ನು ಸೋಲಿಸಬೇಕಾದವರು ಎಂದು ಮುಲಾಜು ನೋಡಿದ್ದರೆ ಕಟ್ಟಳೆಯು ಅಂದಿಗೇ ಸತ್ತುಹೋಗುತ್ತಿದ್ದಿತು. ಮಹಾಭಾರತದ ಯುದ್ಧದಲ್ಲಿ ಜಯಕ್ಕಾಗಿ ಅರ್ಧ ಸುಳ್ಳನ್ನು ನುಡಿದ ಧರ್ಮರಾಯನ ರಥವು ಅದುವರೆಗೆ ನಾಲ್ಕು ಬೆರಳು ಮೇಲೆ ನಡೆಯುತ್ತಿದ್ದುದು ನೆಲಕ್ಕಿಳಿಯಿತೆಂಬ ಕಥೆಯನ್ನು ನಮ್ಮ ಹಳ್ಳಿಯ ಮುದುಕರೂ ಬಲ್ಲರು. ರಥವು ನೆಲಕ್ಕಿಳಿದರೂ ಆಗಲಿ, ಗೆಲುವು ನಮ್ಮದಾಗಲಿ ಎನ್ನುವವರೇ ಹೆಚ್ಚಾಗಿರುವ ಲೋಕದಲ್ಲಿ, ಗೆಲುವನ್ನು ಬಿಟ್ಟುಕೊಟ್ಟವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು.

ಆದರೆ ಲೆಕ್ಕವು ಇಲ್ಲಿಗೆ ಮುಗಿಯುವುದಿಲ್ಲ. ಒಂದೇ ಪ್ರಶ್ನಪತ್ರಿಕೆಯನ್ನು ಎರಡು ದಿನ ಕೊಡುವ ಏರ್ಪಾಡನ್ನು ಮಾಡಿದವರು ಯಾರು? ಹುಡುಗರಲ್ಲವಷ್ಟೆ. ಹುಡುಗರ ಮೇಲಣ ನಂಬಿಕೆಯಿಂದ ಹಾಗೆ ನಡೆಸುತ್ತಿದ್ದೆವೆಂಬುದು ಅವರ ಸಮಾಧಾನ. ನಂಬಿಕೆಯು ಉದಾತ್ತವಾದುದೇ. ಆದರೆ ನಮ್ಮ ಖಜಾನೆಗಳಲ್ಲಿ ಶಿರಸ್ತೇದಾರನು ಪರಮ ಪ್ರಾಮಾಣಿಕನೆಂದು ಜೋಡಿ ಬೀಗದಲ್ಲಿ ಒಂದನ್ನು ತೆಗೆದು ಎಸೆದ ಅಮಲ್ದಾರರನ್ನು ನಾವು ಕಂಡಿಲ್ಲ. ಎರಡನೆಯ ಬೀಗವು ಶಿರಸ್ತೇದಾರನಿಗೆ ಅವಮಾನವಲ್ಲ, ಅವನ ರಕ್ಷೆ. ಪ್ರಶ್ನೆಗಳನ್ನು ಬದಲಾಯಿಸುವುದಕ್ಕೆ ಪ್ರಾಧ್ಯಾಪಕರಿಗೆ ತಗಲುತ್ತಿದ್ದುದು ಎಷ್ಟು ಶ್ರಮ? ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯನ್ನು ಉಳಿಸಿದವರ ಉದ್ಯೋಗಕ್ಕೆ ಕುಂದುಂಟಾಗಲಿಲ್ಲ. ಆಟಗಾರರನ್ನು ಊರೂರಿನಿಂದ ಆರಿಸಿ ತಂದು, ಅವರಿಗೆ ಓದುವುದಕ್ಕೆ ಬಿಡುವಿಲ್ಲದಂತೆ ದುಡಿಸಿ, ಅವರ ಗೆಲುವಿನ ಕೀರ್ತಿಯನ್ನು ಉಂಡವರಿಗೂ ಏನೂ ಆಗಲಿಲ್ಲ. ಸೂಪರಿಂಟೆಂಡೆಂಟ್ ಜನರಲ್ ಅರ್ವಿಂಗ್‌ರನ್ನು ನಾವು ದೂರುವುದಿಲ್ಲ. ಅವರು ಆ ವರ್ಷವೇ ಅಧಿಕಾರಕ್ಕೆ ಬಂದವರು, ಹಳೆಯ ಸಾಲವು ಅವರ ತಲೆಯ ಮೇಲೆ ಬಿದ್ದಿತು. ಕಮಾಂಡೆಂಟ್ ಹಾರ್ಕಿನ್ಸ್‌ರ ವಿಷಯವು ಬೇರೆ. ಅವರು 1948ರಿಂದ ಆ ಹುದ್ದೆಯಲ್ಲಿದ್ದವರು. ತಮ್ಮ ಕಣ್ಣಮುಂದೆ ಮೂರು ವರ್ಷ ನಡೆದುದು ತಮಗೆ ಕಾಣದೆಹೋಯಿತೇಕೆಂದು ಅವರನ್ನು ಕೇಳಿ ಹುದ್ದೆಯಿಂದ ಇಳಿಸಿದವರಿಲ್ಲ. ಅವರು ಮೇಲೆ ಮೇಲೆ ಏರಿ ಪೂರ್ಣ ಜನರಲ್ ಆಗಿ, 1962ರಿಂದ 1964ರವರೆಗೆ ವಿಯೆಟ್ನಾಮಿನಲ್ಲಿ ಅಮೆರಿಕದ ಸೇನೆಯ ಮುಖ್ಯಸ್ಥರಾದರು. ಅಲ್ಲಿ ಅವರು ವಾಷಿಂಗ್ಟನ್ನಿಗೆ ಕಳುಹಿಸುತ್ತಿದ್ದ ವರದಿಗಳು ರಣರಂಗದ ನಿಜಸ್ಥಿತಿಗೆ ಮೀರಿದ ಆಶಾವಾದದಿಂದ ಕೂಡಿದ್ದವೆಂದು ಇತಿಹಾಸಕಾರರು ಬಹುವಾಗಿ ಆಕ್ಷೇಪಿಸಿರುವರು. ಸತ್ಯವಾದ ವರದಿಯ ಬೆಲೆಯನ್ನು ಎಳೆಯರಿಗೆ ಕಲಿಸಲು ಹೊರಟವರ ವಿಷಯದಲ್ಲಿ ಈ ಮಾತನ್ನು ಬರೆಯಬೇಕಾಗಿ ಬಂದುದಕ್ಕೆ ನಮಗೆ ವಿಷಾದವಿದೆ.

ಕರ್ನಲ್ ಬ್ಲೇಕರನ್ನು ಏನೆನ್ನುವುದು? ಅವರು ಪತ್ರಕರ್ತರ ಮುಂದೆ ನಿಂತು, ಹೋದ ಹುಡುಗರು ಶೀಲವಂತರೆಂದೂ ತಪ್ಪು ಏರ್ಪಾಡಿನದೆಂದೂ ಧೈರ್ಯವಾಗಿ ಹೇಳಿದರು. ಅದರಲ್ಲಿ ಅರ್ಧ ನಿಜವುಂಟು. ಆದರೆ ತಮ್ಮ ತಂಡದ ಮೂವತ್ತೇಳು ಮಂದಿಯೂ ಮನೆಯಲ್ಲಿದ್ದ ಮಗನೂ ಮಾಡುತ್ತಿದ್ದುದು ತಮಗೆ ತಿಳಿಯದೆಂದರೆ, ಚೆಂಡನ್ನು ಹಿಡಿಯುವ ಬೆರಳಿನ ಸೆಳೆತವನ್ನೂ ಗಮನಿಸುತ್ತಿದ್ದ ಆ ಗುರುವಿನ ಕಣ್ಣು ಮೈದಾನದ ಗೆರೆಯಾಚೆಗೆ ಹೋಗುತ್ತಿರಲಿಲ್ಲವೆಂದೇ ಅರ್ಥ. ಅವರು ರಾಜೀನಾಮೆ ಕೊಡಲು ಯೋಚಿಸಿ, ಅದೇ ಏಪ್ರಿಲಿನಲ್ಲಿ ಅಧ್ಯಕ್ಷ ಟ್ರೂಮನ್ನರಿಂದ ಪದಚ್ಯುತರಾಗಿ ನ್ಯೂಯಾರ್ಕಿನಲ್ಲಿದ್ದ ಮೆಕಾರ್ಥರರನ್ನು ಹೋಗಿ ಕಂಡರು. ಗುಂಡು ಹಾರುತ್ತಿರುವಾಗ ಸ್ಥಳ ಬಿಡಬೇಡಿರೆಂಬುದು ಆ ಹಳೆಯ ಸೇನಾನಿಯ ಸಲಹೆ. ಬ್ಲೇಕರು ಉಳಿದರು. ಇಪ್ಪತ್ತೈದು ವರ್ಷ ಮುಖ್ಯ ತರಬೇತುದಾರರಾಗಿದ್ದ ಅವರ ಜೀವನದಲ್ಲಿ ಸೋಲು ಗೆಲುವಿಗಿಂತ ಹೆಚ್ಚಾದ ವರ್ಷವು ಅದೊಂದೇ.

ಇತ್ತ ರಾಜಧಾನಿಯಲ್ಲಿ ಸೆನೆಟರ್ ಫುಲ್‌ಬ್ರೈಟ್‌ರು ಎರಡು ವಿದ್ಯಾಲಯಗಳಲ್ಲಿಯೂ ಈ ಆಟವನ್ನೇ ನಿಲ್ಲಿಸಬೇಕೆಂದರು. ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವುದುಂಟೆ? ಆಟವು ನಿಂತಿದ್ದರೆ ಆ ವರ್ಷದ ಸೋಲು ತಪ್ಪುತ್ತಿದ್ದಿತು. ಸೋಲಿನ ಜೊತೆಗೆ ಬಂದ ಇನ್ನೊಂದು ವಸ್ತುವೂ ತಪ್ಪುತ್ತಿದ್ದಿತು.

ಅದೇನೆಂದು ನೋಡೋಣ. ಸೆಪ್ಟೆಂಬರಿನಲ್ಲಿ ಮೊದಲನೆಯ ಪಂದ್ಯಕ್ಕೆ ಇಳಿದವರು, ಹಿಂದಿನ ವರ್ಷ ದೊಡ್ಡ ತಂಡಕ್ಕೆ ಅಭ್ಯಾಸದಲ್ಲಿ ಎದುರು ನಿಂತು ಏಟು ತಿನ್ನುತ್ತಿದ್ದ ಎರಡನೆಯ ದರ್ಜೆಯವರು ಮತ್ತು ಅನುಭವವಿಲ್ಲದ ಎಳೆಯರು. ಪಂದ್ಯಗಳ ಪಟ್ಟಿಯು ಮುಂಚೆಯೇ ನಿಶ್ಚಿತವಾಗಿದ್ದಿತು. ಬಲಿಷ್ಠ ತಂಡಕ್ಕೆಂದು ಗೊತ್ತುಮಾಡಿದ ಬಲಿಷ್ಠ ಎದುರಾಳಿಗಳು. ಯಾವ ಪಂದ್ಯವನ್ನೂ ರದ್ದುಪಡಿಸಲಿಲ್ಲ, ಯಾರಿಂದಲೂ ರಿಯಾಯಿತಿಯನ್ನು ಬೇಡಲಿಲ್ಲ. ವಿಲನೋವಾ ಕಾಲೇಜಿನವರು 21ಕ್ಕೆ 7ರಿಂದ ಸೋಲಿಸಿದರು. ನಾರ್ತ್‌ವೆಸ್ಟರ್ನ್‌ನವರು 20ಕ್ಕೆ 14ರಿಂದ. ಡಾರ್ಟ್‌ಮತ್ ಕಾಲೇಜಿನವರೂ ಸೋಲಿಸಿದರು. ಅದು ಬ್ಲೇಕರು ಹಿಂದೆ ತಾವೇ ತರಬೇತು ಕೊಟ್ಟಿದ್ದ ಕಾಲೇಜು. ಹಾರ್ವರ್ಡಿನವರೊಡನೆ 22ಕ್ಕೆ 21, ಒಂದೇ ಅಂಕದ ಸೋಲು. ನಾಲ್ಕು ಸೋಲುಗಳಾದ ಮೇಲೆ ಕೊಲಂಬಿಯಾದವರ ಮೇಲೆ ಮೊದಲನೆಯ ಗೆಲುವು. ಪೆನ್ಸಿಲ್ವೇನಿಯಾದವರೊಡನೆ 7ಕ್ಕೆ 6, ಪುನಃ ಒಂದೇ ಅಂಕ. ಒಂದು ಅಂಕದಿಂದ ಸೋಲುವ ತಂಡವು ಕೈಚೆಲ್ಲಿದ ತಂಡವಲ್ಲ. ಡಿಸೆಂಬರ್ 1ರಂದು ಫಿಲಡೆಲ್ಫಿಯದಲ್ಲಿ ನೌಕಾ ತಂಡದವರು, ತಾವೂ ಆ ವರ್ಷ ಒಂದೇ ಒಂದು ಪಂದ್ಯವನ್ನು ಗೆದ್ದು ಬಂದಿದ್ದವರು, ಇವರನ್ನು 42ಕ್ಕೆ 7ರಿಂದ ಜಜ್ಜಿಹಾಕಿದರು.

ಬ್ಲೇಕರ ಸಹಾಯಕರಾಗಿ ಆಗ ಅಲ್ಲಿದ್ದವರಲ್ಲಿ ವಿನ್ಸ್ ಲೊಂಬಾರ್ಡಿ ಎಂಬ ತರುಣನೂ ಇದ್ದನು. ವೃತ್ತಿಪರ ಫುಟ್‌ಬಾಲಿನ ಅತ್ಯುನ್ನತ ಪಾರಿತೋಷಕಕ್ಕೆ ಇಂದು ಆತನ ಹೆಸರಿದೆ. ಗೆಲುವಿನ ಮಂತ್ರವಾದಿಯೆಂದು ಲೋಕವೆಲ್ಲ ಹೊಗಳುವ ಆ ಮನುಷ್ಯನು ಏಳು ಸೋಲುಗಳ ವರ್ಷವನ್ನು ಈ ಎಳೆಯರ ಜೊತೆಯಲ್ಲಿ ಮೈದಾನದ ಅಂಚಿನಲ್ಲಿ ನಿಂತು ಕಳೆದನೆಂಬುದನ್ನು ಹೊಗಳುವವರು ಅಷ್ಟಾಗಿ ನೆನೆಯುವುದಿಲ್ಲ.

1952ರಲ್ಲಿ ನಾಲ್ಕು ಗೆಲುವು, ನಾಲ್ಕು ಸೋಲು, ಒಂದು ಸಮ. 1953ರಲ್ಲಿ ಏಳನ್ನು ಗೆದ್ದು ಒಂದನ್ನು ಮಾತ್ರ ಸೋತರು. ಡ್ಯೂಕ್ ವಿಶ್ವವಿದ್ಯಾನಿಲಯದ ಪ್ರಬಲ ತಂಡವನ್ನು 14ಕ್ಕೆ 13ರಿಂದಲೂ, ನೌಕಾ ತಂಡವನ್ನು 20ಕ್ಕೆ 7ರಿಂದಲೂ ಸೋಲಿಸಿದರು. 1951ರಲ್ಲಿ ಏಟು ತಿಂದ ಎಳೆಯರಲ್ಲಿ ಕೆಲವರು ಆಗ ಕೊನೆಯ ವರ್ಷದ ಕೆಡೆಟ್ಟುಗಳು. ಆ ವರ್ಷ ಆಟದ ನಿಯಮವು ಬದಲಾಗಿ, ಮುನ್ನುಗ್ಗುವವರು ಬೇರೆ ತಡೆಯುವವರು ಬೇರೆ ಎಂಬ ಎರಡು ಪಂಗಡಗಳ ಪದ್ಧತಿಯು ನಿಂತುದೂ ಆಟಗಾರರು ಕಡಿಮೆಯಿದ್ದ ತಂಡಕ್ಕೆ ಅನುಕೂಲವಾಯಿತೆಂಬುದನ್ನು ಹೇಳಬೇಕು. ಆದಾಗ್ಯೂ ಎರಡು ವರ್ಷಗಳಲ್ಲಿ ತಲೆಯೆತ್ತಿದುದು ಸಾಮಾನ್ಯವಲ್ಲ.

ಹೊರಬಿದ್ದವರಿಗೆ ಏನಾಯಿತು? ಬೇರೆ ಕಾಲೇಜುಗಳಲ್ಲಿ ಸ್ಥಳ ದೊರೆತವರುಂಟು. ಮುಂದೆ ರಾಷ್ಟ್ರಾಧ್ಯಕ್ಷರಾದ ಜಾನ್ ಕೆನಡಿಯವರ ತಂದೆ ಜೋಸೆಫ್ ಕೆನಡಿಯವರು ತಮ್ಮ ಹೆಸರನ್ನು ಬಯಲು ಮಾಡಕೂಡದೆಂದು ಹೇಳಿ, ನೋಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ ಓದಲಿಚ್ಛಿಸಿದವರ ವೆಚ್ಚವನ್ನು ವಹಿಸಿದರು. ಷರತ್ತು ಒಂದೇ, ಫುಟ್‌ಬಾಲ್ ಆಡಕೂಡದು. ಹಣವಂತರು ಮಾಡುವ ದಾನಗಳಲ್ಲಿ ವಿವೇಕವು ಕಾಣುವುದು ಅಪರೂಪ, ಇಲ್ಲಿ ಕಾಣುತ್ತದೆ.

ಇಪ್ಪತ್ತೈದು ವರ್ಷಗಳ ಮೇಲೆ ಅದೇ ಹುಣ್ಣು ಪುನಃ ಒಡೆಯಿತು. 1976ರಲ್ಲಿ ವಿದ್ಯುತ್ ಶಾಸ್ತ್ರದ ಪಾಠದಲ್ಲಿ, ಕೊಠಡಿಗೆ ಕೊಂಡೊಯ್ದು ಒಬ್ಬೊಬ್ಬರೇ ಬರೆದು ತರಬೇಕಾದ ಲೆಕ್ಕವನ್ನು 800ಕ್ಕೂ ಮೇಲ್ಪಟ್ಟ ಕೆಡೆಟ್ಟುಗಳಿಗೆ ಕೊಟ್ಟಿದ್ದರು. ಕೂಡಿ ಬರೆದವರೆಂದು ಸಿಕ್ಕಿಬಿದ್ದು ಹೊರಹೋದವರು 150ಕ್ಕಿಂತ ಹೆಚ್ಚು. ಈ ಸಲ ವಿಚಾರಣೆಯ ಆಯೋಗಕ್ಕೆ ಅಧ್ಯಕ್ಷರಾದವರು ಚಂದ್ರನನ್ನು ಸುತ್ತಿಬಂದ ಫ್ರಾಂಕ್ ಬೋರ್ಮನ್‌ರು. ಅವರು 1950ರಲ್ಲಿ ವೆಸ್ಟ್ ಪಾಯಿಂಟಿನಿಂದ ಹೊರಬಂದವರು. ಕೆಡೆಟ್ಟಾಗಿದ್ದಾಗ ಬ್ಲೇಕರ ತಂಡದ ವ್ಯವಸ್ಥಾಪಕರಾಗಿ ಕೆಲಸಮಾಡಿದವರು. ತಪ್ಪು ಹುಡುಗರದು ಮಾತ್ರವಲ್ಲ, ವಿದ್ಯಾಲಯದ್ದೂ ಹೌದೆಂದು ಆ ಆಯೋಗವು ಬರೆಯಿತು. ಹೊರಹೋದವರು ಒಂದು ವರ್ಷದ ಮೇಲೆ ಹಿಂದಿರುಗಿ ಬರಲು ಅವಕಾಶವಾಯಿತು; ಬಹುಮಂದಿ ಬಂದರು.

2003ರಲ್ಲಿ ಇದೇ ತಂಡವು ಹದಿಮೂರು ಪಂದ್ಯಗಳನ್ನಾಡಿ ಹದಿಮೂರನ್ನೂ ಸೋತು, ಆ ದರ್ಜೆಯ ಕಾಲೇಜುಗಳಲ್ಲಿ ಅದುವರೆಗೆ ಯಾರೂ ಮಾಡದ ದಾಖಲೆಯನ್ನು ಮಾಡಿತು. ಅಂಕಗಳ ದೃಷ್ಟಿಯಿಂದ 1951ಕ್ಕಿಂತ ಹೀನವಾದ ವರ್ಷ. ಆದರೆ ಅದು ಬರಿಯ ಸೋಲು. ತಕ್ಕದಲ್ಲದ ಕೂಟವನ್ನು ಸೇರಿದುದರ ಫಲ. ನಡುವರ್ಷದಲ್ಲಿ ತರಬೇತುದಾರನನ್ನು ತೆಗೆದರು, ಸೋಲು ನಿಲ್ಲಲಿಲ್ಲ. ಇದರ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಬರೆಯಬೇಕಾದುದೇನೂ ಇಲ್ಲ.

ಬರೆಯಬೇಕಾದುದು 2020ರ ವಿಷಯ. ಆ ವರ್ಷದ ಮೇ ತಿಂಗಳಲ್ಲಿ, ಸಾಂಕ್ರಾಮಿಕದ ಕಾರಣ ಮನೆಗಳಿಂದಲೇ ಬರೆದ ಗಣಿತದ ಪರೀಕ್ಷೆಯಲ್ಲಿ ಮೋಸ ಮಾಡಿದರೆಂದು 73 ಕೆಡೆಟ್ಟುಗಳ ಮೇಲೆ ಆರೋಪ ಬಂದಿತು. ಅವರಲ್ಲಿ ಫುಟ್‌ಬಾಲ್ ಆಟಗಾರರೂ ಇದ್ದರು. 2021ರಲ್ಲಿ ತೀರ್ಪಾದಾಗ ಹೊರಹಾಕಲ್ಪಟ್ಟವರು ಎಂಟೇ ಮಂದಿ. ಬಹುಪಾಲು ಜನರನ್ನು ಒಂದು ವರ್ಷ ಹಿಂದಕ್ಕೆ ಇಳಿಸಿ ಉಳಿಸಿಕೊಂಡರು. 2020ರ ತಂಡವು ಹನ್ನೆರಡರಲ್ಲಿ ಒಂಬತ್ತು ಪಂದ್ಯಗಳನ್ನು ಗೆದ್ದಿತು. ತಿದ್ದಿಕೊಳ್ಳಲು ಅವಕಾಶ ಕೊಟ್ಟುದು ಬೋರ್ಮನ್ ಆಯೋಗದ ಪಾಠವನ್ನು ಕಲಿತುದರಿಂದಲೋ, ಕಟ್ಟಳೆಯ ಹಗ್ಗವು ಸಡಿಲವಾದುದರಿಂದಲೋ ಎಂಬ ಪ್ರಶ್ನೆಗೆ ನಾವು ಇಲ್ಲಿಂದ ಖಂಡಿತವಾದ ಉತ್ತರವನ್ನು ಕೊಡಲಾರೆವು. ಎಳೆಯರ ತಪ್ಪಿಗೆ ಜೀವಾವಧಿಯ ಕಳಂಕವು ಹೆಚ್ಚಿನ ದಂಡವೆಂಬುದನ್ನು ಒಪ್ಪುತ್ತೇವೆ. ಆದರೆ ತಪ್ಪಿಗೂ ಗೆಲುವಿಗೂ ಸಂಬಂಧವೇ ಇಲ್ಲದಂತೆ ವರ್ಷವು ಸುಖವಾಗಿ ಸಾಗಿಹೋದುದನ್ನು ಕಂಡರೆ, 1951ರವರು ಇದಕ್ಕಿಂತ ದುಬಾರಿಯಾದ ಬೆಲೆಯನ್ನು ಯಾತಕ್ಕಾಗಿ ತೆತ್ತರೆಂದು ಕೇಳುವ ಮನಸ್ಸಾಗುತ್ತದೆ.

ಅವರಲ್ಲಿ ಇಂದು ಯಾರಾದರೂ ಬದುಕಿದ್ದರೆ ತೊಂಬತ್ತನ್ನು ದಾಟಿದವರು. 1976ರವರಿಗೆ ತೆರೆದ ಬಾಗಿಲು ಅವರಿಗೆ ತೆರೆಯಲಿಲ್ಲ. ಅವರ ತಪ್ಪನ್ನು ತಪ್ಪಲ್ಲವೆಂದು ಹೇಳಬೇಕೆಂದು ನಾವು ಕೇಳುತ್ತಿಲ್ಲ. ಪ್ರಶ್ನೆಗಳನ್ನು ಎರಡು ದಿನ ಇಟ್ಟುದು ನಮ್ಮ ತಪ್ಪು, ನೀವು ನಿಜ ಹೇಳಿದಿರಿ ಎಂಬ ಎರಡು ಮಾತುಗಳನ್ನು ವಿದ್ಯಾಲಯದವರು ಬೋರ್ಮನ್‌ರ ವರದಿಯನ್ನು ಮುಂದಿಟ್ಟುಕೊಂಡು ಅವರಿಗೂ ಅವರ ಮನೆಯವರಿಗೂ ಬರೆದು ತಿಳಿಸಬಹುದು, ಬರೆಯುವುದಾದರೆ ತಡಮಾಡಲಾಗದು.